ಎಡಕ್ಕೆ ಎಳೆಯುತ್ತಿತ್ತು

ಭಾವಮೈದುನ ಹಲಗೆಯನ್ನು ಮೂಗಿನ ನೇರಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಅದರಲ್ಲಿ ಕೊರೆದ ಜಾಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಎರಡು ಕಣ್ಣಿಗೂ ಅದು ಒಂದೇ ರೀತಿ ಕಂಡಿರಬೇಕು.

“ಭಾವ, ಇದು ಜಾಡೋ, ಎರೆಹುಳು ಹೋದ ದಾರಿಯೋ?”

ಬಾಗಿಲ ಬಳಿ ಮರಳುಕಾಗದ ಉಜ್ಜುತ್ತಿದ್ದವರು ಕಿಸಕ್ಕೆಂದರು. ಬಸ್ಸಣ್ಣ ಮೈಮೇಲಿನ ಮರದ ಪುಡಿ ಕೊಡವಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ.

“ನಾನು ನೇರವಾಗೇ ಹಿಡಿದಿದ್ದೆ ಕಣಪ್ಪ. ಮಿಷನ್ನು ಎಡಕ್ಕೆ ಎಳೆಯುತ್ತೆ.”

ಭಾವಮೈದುನ ಹಲಗೆಯನ್ನು ಗೋಡೆಗೆ ಒರಗಿಸಿ, “ಎಲ್ಲಾ ಹೊಸಬರೂ ಹಾಗೇ ಹೇಳೋದು,” ಎಂದು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಆದರೆ ಆ ಮಾತನ್ನು ಬಸ್ಸಣ್ಣ ಹೇಳಿದ್ದು ಅದೇ ಮೊದಲಲ್ಲ. ಒಂಬತ್ತು ತಿಂಗಳ ಹಿಂದೆ ಬೇರೊಂದು ಕೋಣೆಯಲ್ಲಿ, ಬೇರೊಂದು ಯಂತ್ರದ ಮೇಲೆ ಅದೇ ದೂರನ್ನು ಹೇಳಿದ್ದ. ಆ ಮಾತಿಗೆ ಒಬ್ಬನ ಕೆಲಸ ಹೋಗಿತ್ತು.

ಬಸ್ಸಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತನಾಲ್ಕು ವರ್ಷ ಬಸ್ಸು ಓಡಿಸಿದವನಿಗೆ ಜನ ಇಟ್ಟ ಹೆಸರು. ಬಸ್ಸು ಹೋದರೂ ಹೆಸರು ಬಿಟ್ಟು ಹೋಗಲಿಲ್ಲ. ಮೊದಲು ಆ ಹೆಸರಿನಿಂದ ಯಾರಾದರೂ ಕೂಗಿದರೆ ಕೈಯೆತ್ತಿ ನಗುತ್ತಿದ್ದ. ಈಗ ಯಾರೋ ಬೆನ್ನಿಗೆ ತಣ್ಣೀರು ಎರಚಿದ ಹಾಗೆ ಬೆಚ್ಚುತ್ತಿದ್ದ.

ಅಂದು ನಡೆದದ್ದು ಇಷ್ಟೆ. ಬೆಳಗಿನ ಹತ್ತು ಗಂಟೆ, ಒಳ್ಳೆಯ ಬಿಸಿಲು, ಅರ್ಧ ತುಂಬಿದ ಬಸ್ಸು. ಬಲಗಡೆಯ ಎರಡು ಗೋಡೆಗಳ ಸಂದಿಯಿಂದ ಒಂದು ಕಂದು ನಾಯಿ ರಸ್ತೆಗೆ ಓಡಿ ಬಂತು. ಯೋಚಿಸಲು ಹೊತ್ತಿರಲಿಲ್ಲ, ಕೈಗಳೇ ಯೋಚಿಸಿಬಿಟ್ಟವು. ಸ್ಟೇರಿಂಗು ಒಂದು ಗೇಣಿನಷ್ಟು ಎಡಕ್ಕೆ ತಿರುಗಿತು. ಎಡಗಡೆ ರಸ್ತೆಯ ಅಂಚು ಹಿಡಿದು ಒಬ್ಬ ದರ್ಜಿ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಹೊಲಿದ ಅಂಗಿಗಳ ಗಂಟನ್ನು ಹಿಂದೆ ಕಟ್ಟಿಕೊಂಡಿದ್ದ. ಬಸ್ಸು ಅವನ ಮೇಲೆ ಹಾದು, ಕಲ್ಲುಕಂಬಕ್ಕೆ ಬಡಿದು ನಿಂತಿತು. ಬಸ್ಸಣ್ಣ ಕೆಳಗಿಳಿದಾಗ ಅಂಗಿಗಳು ರಸ್ತೆಯುದ್ದಕ್ಕೂ ಬಿದ್ದಿದ್ದವು. ಕೆಲವಕ್ಕೆ ಇಸ್ತ್ರಿಯ ಮಡಿಕೆ ಕೂಡ ಕೆಟ್ಟಿರಲಿಲ್ಲ. ದರ್ಜಿಯ ಕಡೆ ಎರಡನೆಯ ಸಲ ನೋಡುವಂತಿರಲಿಲ್ಲ. ನಾಯಿ ಎದುರುಗಡೆ ಚರಂಡಿಯ ಪಕ್ಕ ಕೂತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಪ್ರಯಾಣಿಕರು ಯಾರೂ ನಾಯಿಯನ್ನು ಕಂಡಿರಲಿಲ್ಲ.

ಮೂರನೆಯ ದಿನ ಡಿಪೋದ ಕೋಣೆಯಲ್ಲಿ ಮೂವರು ಅಧಿಕಾರಿಗಳು ಕೂತು ಅವನನ್ನು ಎದುರಿಗೆ ನಿಲ್ಲಿಸಿಕೊಂಡರು. ಬಸ್ಸು ಎಡಕ್ಕೆ ಯಾಕೆ ಹೋಯಿತು ಎಂದು ಕೇಳಿದರು. ನಾಯಿಗಾಗಿ ಮನುಷ್ಯನನ್ನು ಕೊಂದೆ ಎಂದು ಯಾವ ಬಾಯಿಂದ ಹೇಳುವುದು? ಆಗ ನಡುವೆ ಕೂತಿದ್ದ ಕನ್ನಡಕದವನು, ಪಾಪ, ಕನಿಕರದಿಂದಲೇ ಇರಬೇಕು, “ಸ್ಟೇರಿಂಗು ಏನಾದರೂ ಎಳೀತಿತ್ತಾ?” ಎಂದು ಕೇಳಿದ. ಮುಚ್ಚಿದ ಕೋಣೆಯಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು.

“ಹೌದು ಸಾರ್. ಎಡಕ್ಕೆ ಎಳೆಯುತ್ತಿತ್ತು.”

ಕಂಬಕ್ಕೆ ಬಡಿದ ಏಟಿಗೆ ಸ್ಟೇರಿಂಗಿನ ಕೀಲು ಮುರಿದಿತ್ತು. ಬಡಿಯುವ ಮೊದಲೇ ಕೆಟ್ಟಿತ್ತೋ, ಬಡಿದ ಮೇಲೆ ಕೆಟ್ಟಿತೋ ಎಂದು ಹೇಳಬಲ್ಲವನು ಆ ಬಸ್ಸನ್ನು ಹಿಂದಿನ ದಿನ ಪರೀಕ್ಷಿಸಿ ಸಹಿ ಹಾಕಿದ್ದ ಮೆಕ್ಯಾನಿಕ್ ಒಬ್ಬನೇ. ಆ ಸಹಿಯೇ ಅವನ ಕುತ್ತಿಗೆಗೆ ಬಂತು. ಜೇಬಿನಲ್ಲಿ ಸದಾ ನಾಲ್ಕಾರು ನಟ್ಟು ಇಟ್ಟುಕೊಂಡಿರುತ್ತಿದ್ದ ಅವನನ್ನು ಡಿಪೋದಲ್ಲಿ ನಟ್ಟಪ್ಪ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಬಸ್ಸಿನ ಹೊಟ್ಟೆಯಡಿಯಲ್ಲೇ ಕಳೆದವನನ್ನು ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದರು. ಬಸ್ಸಣ್ಣನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಬೆನ್ನು ತಟ್ಟಿದವರೇ ಹೆಚ್ಚು.

ಆದರೆ ಮತ್ತೆ ಸೀಟಿನಲ್ಲಿ ಕೂತಾಗ ಕೈ ಮಾತು ಕೇಳಲಿಲ್ಲ. ಸ್ಟೇರಿಂಗು ಮುಟ್ಟಿದರೆ ಮೊಣಕೈವರೆಗೆ ನಡುಕ. ಒಂದು ತಿಂಗಳು ರಜೆ, ಇನ್ನೊಂದು ತಿಂಗಳು ಔಷಧಿ, ಆಮೇಲೆ ರಾಜೀನಾಮೆ. ಆಗ ಅವನ ಹೆಂಡತಿ ತಾನು ಹುಟ್ಟಿದ ಮನೆಯ ಹೊಸ್ತಿಲು ತುಳಿದಳು. ಮರಗೆಲಸದ ಕಾರ್ಖಾನೆ ಇಟ್ಟಿದ್ದ ತಮ್ಮನ ಮುಂದೆ ಕೂತು, “ನಿನ್ನ ಭಾವ ಗೋಡೆ ನೋಡ್ತಾ ಕೂತಿದಾರೆ ಕಣೋ. ಹೀಗೇ ಬಿಟ್ಟರೆ ಗೋಡೆಯೊಳಗೇ ಹೋಗಿಬಿಡ್ತಾರೆ. ಏನಾದರೂ ಕೆಲಸ ಹೇಳು, ಕಸ ಗುಡಿಸೋದಾದರೂ ಸರಿ,” ಎಂದಳು. ಆ ತಮ್ಮನ ಮುಂದೆ ಅವಳು ಅದುವರೆಗೆ ಒಂದು ಲೋಟ ನೀರನ್ನೂ ಕೇಳಿ ಕುಡಿದವಳಲ್ಲ.

ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ ಬಸ್ಸಣ್ಣ ಮರದ ಪುಡಿಯ ನಡುವೆ ಬಂದು ನಿಂತ. ಆಸ್ಪತ್ರೆಯೊಂದರ ಔಷಧಿ ಕೋಣೆಗೆ ಹನ್ನೆರಡು ಕಪಾಟು ಮಾಡಿಕೊಡುವ ಕೆಲಸ ಬಂದಿತ್ತು. ಪ್ರತಿ ಕಪಾಟಿನ ಎರಡು ಪಕ್ಕದ ಹಲಗೆಗಳಲ್ಲೂ ಎದುರುಬದುರಾಗಿ ಆರಾರು ಜಾಡು ಕೊರೆಯಬೇಕು, ಆ ಜಾಡಿನೊಳಗೆ ಅಡ್ಡಹಲಗೆಗಳು ಜಾರಿ ಕೂರಬೇಕು. ಜಾಡು ಕೂದಲೆಳೆಯಷ್ಟು ಸೊಟ್ಟಗಾದರೂ ಅಡ್ಡಹಲಗೆ ಅರ್ಧಕ್ಕೇ ಸಿಕ್ಕಿ ನಿಲ್ಲುತ್ತದೆ. ಕೊರೆಯುವುದು ರೌಟರ್ ಎಂಬ ಕೈಯಂತ್ರದಿಂದ. ನೋಡಲು ಒಂದು ದಪ್ಪ ಡಬ್ಬಿ. ಎರಡು ಪಕ್ಕಕ್ಕೆ ಎರಡು ಗುಂಡನೆಯ ಹಿಡಿ. ಕೆಳಗೆ ದುಂಡು ತಟ್ಟೆ, ತಟ್ಟೆಯ ನಡುವಿನ ತೂತಿನಿಂದ ಇಣುಕುವ ಅಲಗು. ಗುಂಡಿ ಒತ್ತಿದರೆ ಅಲಗು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ, ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತದೆ. ಮೊದಲ ದಿನ ಅದು ಅವನ ಕೈಯಲ್ಲಿ ಹಿಡಿದ ಕೋಳಿಯ ಹಾಗೆ ಎಗರಿತ್ತು.

ಎರೆಹುಳುವಿನ ಮಾತು ಬಂದ ದಿನವೇ ಮನೆಗೆ ಕಾಗದವೂ ಬಂದಿತ್ತು. ಹೆಂಡತಿ ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದಳು.

“ಆ ಮೆಕ್ಯಾನಿಕ್ ಮೇಲಿನವರಿಗೆ ಅರ್ಜಿ ಹಾಕಿದಾನಂತೆ. ಇನ್ನೊಂದು ಸಲ ವಿಚಾರಣೆಯಂತೆ. ಗುರುವಾರ ನೀವು ಹೋಗಿ ಹೇಳಿಕೆ ಕೊಡಬೇಕಂತೆ,” ಎಂದಳು. “ಅವನಿಗೆ ನಾಚಿಕೆಯಾದರೂ ಬೇಡವಾ? ತನ್ನ ಸೋಮಾರಿತನಕ್ಕೆ ಒಂದು ಜೀವ ಹೋಯ್ತು, ನಿಮ್ಮ ಕೈ ಹೋಯ್ತು. ಇನ್ನೂ ಅರ್ಜಿ ಬೇರೆ.”

ಬಸ್ಸಣ್ಣ ಕಾಲು ತೊಳೆಯುತ್ತಾ ನಿಂತವನು ನಿಂತೇ ಇದ್ದ. ತಂಬಿಗೆಯ ನೀರೆಲ್ಲ ಒಂದೇ ಪಾದದ ಮೇಲೆ ಸುರಿದುಹೋಯಿತು.

“ಮೊದಲು ಹೇಳಿದ್ದನ್ನೇ ಹೇಳಿ ಬನ್ನಿ. ಅದಕ್ಕೇನು ಅಷ್ಟು ಯೋಚನೆ?”

“ಯೋಚನೆ ಏನಿಲ್ಲ,” ಎಂದ.

ಗುರುವಾರಕ್ಕೆ ಇನ್ನು ಆರು ದಿನ ಇತ್ತು.

ಕಾರ್ಖಾನೆಯಲ್ಲಿ ಒಬ್ಬ ಮುದುಕ ಬಡಗಿ ಇದ್ದ. ಭಾವಮೈದುನನಿಂದ ಹಿಡಿದು ಮರ ಇಳಿಸುವವರವರೆಗೆ ಎಲ್ಲರಿಗೂ ಅವನು ತಾತ. ಹಲ್ಲು ಅರ್ಧಕ್ಕರ್ಧ ಹೋಗಿದ್ದವು, ಎಡಗೈಯ ಕಿರುಬೆರಳೂ ಇರಲಿಲ್ಲ. ಬೆರಳು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ, “ಒಂದು ಮೇಜಿನೊಳಗೆ ಇದೆ, ಚೆನ್ನಾಗಿ ಪಾಲಿಶ್ ಹಾಕಿ ಕೊಟ್ವಿ,” ಎನ್ನುತ್ತಿದ್ದ. ಮರುದಿನ ಆ ತಾತ ಗೋಡೆಗೊರಗಿಸಿದ ಹಲಗೆಯನ್ನು ಬೆರಳಲ್ಲಿ ಸವರಿ ನೋಡಿ ಬಸ್ಸಣ್ಣನನ್ನು ಕರೆದ.

“ಏನಂದೆ ನಿನ್ನೆ? ಎಡಕ್ಕೆ ಎಳೆಯುತ್ತೆ ಅಂದ್ಯಾ?”

“ಹೌದು ತಾತ.”

“ಸುಳ್ಳೇನಲ್ಲ ಬಿಡು. ಎಳೆಯುತ್ತೆ.”

ಬಸ್ಸಣ್ಣನ ಮುಖ ಸ್ವಲ್ಪ ಎದ್ದಿತು.

“ಅಲಗು ಬಲಕ್ಕೆ ತಿರುಗುತ್ತೆ. ನೀನು ಮುಂದಕ್ಕೆ ತಳ್ಳಿದಾಗ ಮರ ಅದನ್ನ ಎಡಕ್ಕೆ ದೂಡುತ್ತೆ. ಅದು ಅದರ ಹುಟ್ಟುಗುಣ. ನೀನು ಮಾಡಿರೋದೇನು? ಮಿಷನ್ನು ಒರಗಿ ಸಾಗೋ ಆಸರೆಯ ಪಟ್ಟೀನ ಬಲಗಡೆ ಕಟ್ಟಿದೀಯ. ಅದು ಪಟ್ಟಿ ಬಿಟ್ಟು ಓಡದೆ ಇನ್ನೇನು ಮಾಡುತ್ತೆ? ಎಡಗಡೆ ಕಟ್ಟು. ಎಳೆಯೋದು ಯಾವ ಕಡೆಗೆ ಅಂತ ಗೊತ್ತಿದ್ದ ಮೇಲೆ ಆ ಕಡೆಗೇ ಗೋಡೆ ಕಟ್ಟಬೇಕು. ಆಗ ಅದರ ಎಳೆತವೇ ಅದನ್ನ ಪಟ್ಟಿಗೆ ಒತ್ತಿ ಹಿಡಿಯುತ್ತೆ.”

ತಾತ ನೇರವಾದ ಒಂದು ಮರದ ಪಟ್ಟಿಯನ್ನು ಹಲಗೆಯ ಮೇಲೆ ಅಡ್ಡಕ್ಕಿಟ್ಟು, ನೆಟ್ಟಗಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿ, ಎರಡು ಕಡೆ ಕ್ಲಾಂಪು ಬಿಗಿದ. ಜಾಡು ಮುಗಿಯುವ ಅಂಚಿಗೆ ಒಂದು ಹಳೆಯ ತುಂಡನ್ನು ಒತ್ತಿಕೊಟ್ಟ. ಅಲಗು ಹೊರಬರುವಾಗ ಮರ ಸಿಡಿಯದಿರಲಿ ಎಂದು. ಒಂದೇ ಸಲಕ್ಕೆ ಪೂರ್ತಿ ಆಳ ಇಳಿಸಬಾರದು, ಮೂರು ಸಲಕ್ಕೆ ಇಳಿಸಬೇಕು ಎಂದ. ನಿಧಾನ ಮಾಡಿದರೆ ಮರ ಸುಟ್ಟು ಕಪ್ಪಾಗುತ್ತದೆ, ಅವಸರ ಮಾಡಿದರೆ ಹರಿದುಹೋಗುತ್ತದೆ ಎಂದ. ಕೊನೆಗೆ ಬಸ್ಸಣ್ಣನ ಮಣಿಕಟ್ಟು ಹಿಡಿದು, “ಮುಗಿದ ಮೇಲೆ ಗುಂಡಿ ಆರಿಸು. ಆದರೆ ಎತ್ತಬೇಡ. ಅಲಗು ನಿಲ್ಲೋವರೆಗೂ ಎತ್ತಬೇಡ. ಆರಿಸಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗ್ತಾನೇ ಇರುತ್ತೆ. ನನ್ನ ಬೆರಳು ಹೋಗಿದ್ದು ಆರಿಸಿದ ಮೇಲೆ,” ಎಂದ. ಆ ಒಂದು ಮಾತನ್ನು ಅವನು ನಗದೆ ಹೇಳಿದ.

ಪಟ್ಟಿ ಎಡಕ್ಕೆ ಬಂದ ಮೇಲೆ ಯಂತ್ರ ಓಡಿಹೋಗುವುದು ನಿಂತಿತು. ಆದರೆ ಜಾಡು ನೇರವಾಗಲಿಲ್ಲ. ಹಾವಿನ ಡೊಂಕು ಹೋಗಿ, ಅಲ್ಲೊಂದು ಇಲ್ಲೊಂದು ಉಬ್ಬು ಉಳಿಯಿತು. ಒಂದು ಕಡೆ ಜಾಡು ಅಗಲ, ಒಂದು ಕಡೆ ಕಿರಿದು. ಎರಡು ದಿನ ಹೀಗೆಯೇ ಹೋಯಿತು. ಹಾಳಾದ ಹಲಗೆಗಳು ಗೋಡೆಯ ಪಕ್ಕ ಸಾಲು ನಿಂತವು. ಭಾವಮೈದುನ ಬೆಳಿಗ್ಗೆ ಬಂದು ಅವನ್ನು ನೋಡುವನು, ಏನೂ ಹೇಳದೆ ಹೋಗುವನು. ಮೂರನೆಯ ದಿನ ಹೇಳಿದ.

“ಭಾವ, ಅಕ್ಕನ ಮುಖ ನೋಡಿ ಸುಮ್ಮನಿದೀನಿ. ಶುಕ್ರವಾರ ಆಸ್ಪತ್ರೆಯವರು ಬರ್ತಾರೆ. ಅಷ್ಟರೊಳಗೆ ಕೈ ಕೂಡಿ ಬಂದ್ರೆ ಸರಿ. ಇಲ್ಲದಿದ್ರೆ ಬೇರೆಯವರನ್ನ ಕರೆಸಬೇಕಾಗುತ್ತೆ. ನೀವು ತಪ್ಪು ತಿಳೀಬಾರದು.”

“ತಪ್ಪೇನು ತಿಳೀಲಿ,” ಎಂದ ಬಸ್ಸಣ್ಣ.

ಅಂದು ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಹೋದಾಗ ಅವನೊಬ್ಬನೇ ಒಂದು ತುಂಡು ಮರದ ಮೇಲೆ ಕೊರೆಯುತ್ತಿದ್ದ. ತಾತ ಚಹಾದ ಲೋಟ ಹಿಡಿದುಕೊಂಡು ಬಂದು ಹಿಂದೆ ನಿಂತದ್ದು ಆ ಸದ್ದಿನಲ್ಲಿ ಅವನಿಗೆ ಗೊತ್ತಾಗಲಿಲ್ಲ. ತಾತ ಹಲಗೆಯನ್ನು ನೋಡಲಿಲ್ಲ, ಕೈಯನ್ನು ನೋಡಿದ. ಯಂತ್ರ ನಿಂತ ಮೇಲೆ ಲೋಟವನ್ನು ಕಿಟಕಿಯ ಮೇಲಿಟ್ಟ.

“ನೀನು ಇದನ್ನ ಓಡಿಸ್ತಿದೀಯ ಕಣೋ.”

“ಏನು ತಾತ?”

“ಎರಡು ಹಿಡಿ ಹಿಡಿದು ಬಸ್ಸು ಓಡಿಸೋ ಹಾಗೆ ಓಡಿಸ್ತಿದೀಯ. ಒಂಚೂರು ಈ ಕಡೆ, ಒಂಚೂರು ಆ ಕಡೆ. ನಿನಗೇ ಗೊತ್ತಿಲ್ಲ, ನಿನ್ನ ಕೈ ತಿರುಗ್ತಾನೇ ಇದೆ.”

ಹೌದು, ನೇರ ರಸ್ತೆಯಲ್ಲಿ ಹೋಗುವಾಗಲೂ ಬಸ್ಸಿನ ಸ್ಟೇರಿಂಗು ಹಿಡಿದವನ ಕೈ ಸುಮ್ಮನಿರುವುದಿಲ್ಲ. ಒಂದು ಎಳೆ ಅತ್ತ, ಒಂದು ಎಳೆ ಇತ್ತ ಆಡುತ್ತಲೇ ಇರುತ್ತದೆ. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಬಸ್ಸಣ್ಣನ ಮಣಿಕಟ್ಟಿನಲ್ಲಿ ಇಳಿದು ಕೂತಿತ್ತು.

“ಆದರೆ ತಟ್ಟೆ ಪಟ್ಟಿಗೆ ತಾಗೇ ಇತ್ತಲ್ಲ ತಾತ. ದುಂಡಗಿರೋದನ್ನ ಎಷ್ಟು ತಿರುಗಿಸಿದರೇನು?”

ತಾತ ವಿದ್ಯುತ್ತಿನ ತಂತಿ ಕಿತ್ತು, ಯಂತ್ರವನ್ನು ಮಗುಚಿಟ್ಟು, ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದ. ಅಲಗಿನಿಂದ ತಟ್ಟೆಯ ಅಂಚಿಗೆ ನಾಲ್ಕು ದಿಕ್ಕಿನಲ್ಲೂ ಅಳತೆ ಹಿಡಿದ. ಎದುರುಬದುರಿನ ಎರಡು ಕಡೆ ಒಂದೇ ಬಂತು. ಉಳಿದೆರಡರಲ್ಲಿ ಒಂದು ಕಡೆ ಇನ್ನೊಂದಕ್ಕಿಂತ ಒಂದೂವರೆ ಮಿಲಿಮೀಟರು ಕಮ್ಮಿ.

“ನೋಡು. ಅಲಗು ಸರಿಯಾಗಿ ನಡುವೆ ಇಲ್ಲ. ಯಾವ ಮಿಷನ್ನಿನಲ್ಲೂ ಇರಲ್ಲ. ನೀನು ಅದನ್ನ ತಿರುಗಿಸಿದಾಗೆಲ್ಲ ಆ ಒಂದೂವರೆ ಹೊರಗೆ ಬರುತ್ತೆ. ತಿರುಗಿಸದೆ ಹೋದ್ರೆ ಅದರ ಐಬು ಅದರ ಹತ್ತಿರವೇ ಇರುತ್ತೆ, ಮರಕ್ಕೆ ಇಳಿಯೋದೇ ಇಲ್ಲ.”

ಬಾಗಿಲಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿಯಲ್ಲಿ ಒಂದು ಮೊಳೆಯ ತುದಿ ಅದ್ದಿ, ತಾತ ತಟ್ಟೆಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟ.

“ಈ ಚುಕ್ಕೆ ಪಟ್ಟಿಗೆ ತಾಗಿರಬೇಕು. ಶುರುವಿನಿಂದ ಕೊನೆಯವರೆಗೂ ಇದೇ ಚುಕ್ಕೆ. ಏನೇ ಆದರೂ ತಿರುಗಿಸಬೇಡ. ಮನೆಗೆ ಬೆಂಕಿ ಬಿದ್ರೂ ತಿರುಗಿಸಬೇಡ.”

ಬಸ್ಸಣ್ಣ ಒಂದು ತುಂಡು ಮರ ಕಟ್ಟಿ ಹಿಡಿದ. ಚುಕ್ಕೆಯನ್ನು ಪಟ್ಟಿಗೆ ತಾಗಿಸಿ ಗುಂಡಿ ಒತ್ತಿದ. ಕೈ ಅಭ್ಯಾಸಬಲದಿಂದ ಆಡಲು ನೋಡಿತು. ಚುಕ್ಕೆ ಕೂದಲೆಳೆಯಷ್ಟು ಸರಿದದ್ದು ಕಣ್ಣಿಗೆ ಬಿದ್ದ ಕೂಡಲೇ ಬಿಗಿಹಿಡಿದ. ಒಂದು ಮೊಳದುದ್ದದ ದಾರಿಯದು. ಅಷ್ಟನ್ನು ದಾಟುವುದರೊಳಗೆ ಬೆನ್ನೆಲ್ಲ ಬೆವರಿತು. ಗುಂಡಿ ಆರಿಸಿ, ಅಲಗು ನಿಲ್ಲುವವರೆಗೆ ಕಾದು, ಎತ್ತಿದ. ತಾತ ಒಂದು ಅಡ್ಡಹಲಗೆಯ ತುಂಡು ತಂದು ಜಾಡಿನ ಬಾಯಿಗಿಟ್ಟು ಹೆಬ್ಬೆರಳಿನಿಂದ ತಳ್ಳಿದ. ಅದು ಸುಯ್ಯೆಂದು ತುದಿಯವರೆಗೆ ಜಾರಿಹೋಯಿತು.

“ಸಾಕಲ್ಲ?” ಎಂದ ತಾತ. “ಮುಖ ಯಾಕೆ ಹಾಗೆ ಮಾಡಿದೀಯ? ಯಾರೋ ಸತ್ತ ಹಾಗೆ.”

ಬಸ್ಸಣ್ಣ ಆ ಜಾಡನ್ನೇ ನೋಡುತ್ತಿದ್ದ. ಅದು ಇಷ್ಟು ಸುಲಭವಿತ್ತು. ಕೈ ತಿರುಗಿಸದಿದ್ದರೆ ಆಗಿತ್ತು. ಒಂದು ನಾಯಿ ಸಾಯುತ್ತಿತ್ತು, ಬಸ್ಸಿನವರು ಒಂದು ಕ್ಷಣ ಥೂ ಎನ್ನುತ್ತಿದ್ದರು, ದರ್ಜಿ ಸೈಕಲ್ಲು ತುಳಿಯುತ್ತಾ ಅಂಗಿ ತಲುಪಿಸುತ್ತಿದ್ದ.

“ಎಳೀಲಿಲ್ಲ ತಾತ,” ಎಂದ.

“ಯಾವುದು?”

“ಬಸ್ಸು.”

ತಾತ ಕಿಟಕಿಯಿಂದ ಲೋಟ ತೆಗೆದುಕೊಂಡ. ಚಹಾ ಆರಿ ತಣ್ಣಗಾಗಿತ್ತು. ಅದನ್ನೇ ಪೂರ್ತಿ ಕುಡಿದ. “ಇದನ್ನ ನನಗೆ ಹೇಳಿ ಏನು ಪ್ರಯೋಜನ,” ಎಂದು ಅಷ್ಟೇ ಹೇಳಿ ತನ್ನ ಉಳಿಗಳ ಕಡೆಗೆ ಹೋದ.

ಕಾರ್ಖಾನೆಯಿಂದ ಮನೆಗೆ ನೇರವಾದ ಬೀದಿಯೊಂದಿತ್ತು. ಬಸ್ಸಣ್ಣ ಆ ಬೀದಿ ತುಳಿಯುತ್ತಿರಲಿಲ್ಲ. ಹಿಂದಿನ ಗಲ್ಲಿಗಳಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಆ ಬೀದಿಯ ನಡುವೆ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ನಟ್ಟಪ್ಪ ಸೈಕಲ್ಲು ರಿಪೇರಿಗೆ ಕೂರುತ್ತಿದ್ದುದೇ ಕಾರಣ. ಅಂದು ಸಂಜೆ, ಇನ್ನೂ ಬಿಸಿಲಿದ್ದಾಗಲೇ, ಅವನು ನೇರ ಬೀದಿಗೆ ಕಾಲಿಟ್ಟ.

ನಟ್ಟಪ್ಪ ನೀರಿನ ತಟ್ಟೆಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದ. ಬಸ್ಸಿನ ಹೊಟ್ಟೆ ಬಿಚ್ಚುತ್ತಿದ್ದ ಕೈ. ತಲೆ ಎತ್ತಲಿಲ್ಲ.

“ಬಾ ಬಸ್ಸಣ್ಣ. ಗಲ್ಲಿಯಲ್ಲಿ ಕೆಸರಾಗಿದೆಯಾ ಇವತ್ತು?”

ಬಸ್ಸಣ್ಣ ನಿಂತ.

“ಗುರುವಾರ ಹೇಳಿಕೆಗೆ ಕರೆದಿದಾರೆ.”

“ಗೊತ್ತು. ಕರೆಸಿದ್ದು ನಾನೇ ಅಲ್ವಾ?”

“ನಟ್ಟಪ್ಪ, ಅವತ್ತು...”

“ಹೇಳಬೇಡ.” ನಟ್ಟಪ್ಪ ಗುಳ್ಳೆ ಎದ್ದ ಜಾಗಕ್ಕೆ ಬೆರಳಿಟ್ಟು ಒತ್ತಿ ಹಿಡಿದ. “ಅವತ್ತು ಬಸ್ಸನ್ನ ಎಳಕೊಂಡು ಬಂದ ತಕ್ಷಣ ನಾನು ಅಡಿಗೆ ನುಗ್ಗಿ ನೋಡಿದೆ. ಕೀಲು ಮುರಿದಿದ್ದ ಜಾಗ ಹೊಳೀತಿತ್ತು. ಹೊಸ ಮುರಿತ. ಹಳೇದಾಗಿದ್ದರೆ ತುಕ್ಕು ಇರ್ತಿತ್ತು. ಹಾಗಂತ ಹೇಳಿದೆ. ಸಹಿ ಹಾಕಿದವನ ಮಾತು ಯಾರು ಕೇಳ್ತಾರೆ? ಒಂಬತ್ತು ತಿಂಗಳಿಂದ ನನಗೆ ಗೊತ್ತಿದೆ, ನಿನಗೂ ಗೊತ್ತಿದೆ. ಗೊತ್ತಿರೋ ನಮ್ಮಿಬ್ಬರ ನಡುವೆ ಈ ಮಾತು ಯಾಕೆ? ಗೊತ್ತಿಲ್ಲದವರ ಮುಂದೆ ಹೇಳು.”

“ಹೇಳಿದರೆ ನನ್ನ ಹೆಂಡತಿ...”

“ನನಗೂ ಒಬ್ಬಳಿದಾಳೆ. ಎದುರುಮನೆಯವಳು ತನ್ನ ಮಕ್ಕಳನ್ನ ನಮ್ಮ ಬಾಗಿಲ ಮುಂದೆ ಆಡೋಕೆ ಬಿಡಲ್ಲ, ‘ಆ ಮನೆಯವನು ಒಬ್ಬನ್ನ ಕೊಂದ’ ಅಂತ. ನನ್ನವಳು ದಿನಾ ಅದನ್ನ ಕೇಳಿಕೊಂಡೇ ನೀರು ತರ್ತಾಳೆ.” ಅವನು ಈಗ ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬಸ್ಸಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. “ಹೋಗು. ಬೆಳಕು ತಡೀತಿದೀಯ.”

ಬುಧವಾರ ಸಂಜೆಯವರೆಗೆ ಬಸ್ಸಣ್ಣ ಹನ್ನೊಂದು ಕಪಾಟಿನ ಹಲಗೆಗಳನ್ನು ಕೊರೆದು ಮುಗಿಸಿದ. ಒಂದೂ ಕೆಡಲಿಲ್ಲ. ಭಾವಮೈದುನ ಎರಡು ಕಣ್ಣನ್ನೂ ಸರದಿಯ ಮೇಲೆ ಮುಚ್ಚಿ ನೋಡಿ, “ಅಬ್ಬಾ ಭಾವ, ದಾರ ಹಿಡಿದ ಹಾಗಿದೆ,” ಎಂದ. “ಇನ್ನು ಮೇಲೆ ಈ ಮಿಷನ್ನು ನಿಮ್ಮದೇ. ಬೇರೆ ಯಾರಿಗೂ ಕೊಡಲ್ಲ.” ಅಕ್ಕನಿಗೆ ಆಗಲೇ ಫೋನಿನಲ್ಲಿ ಹೇಳಿಯೂಬಿಟ್ಟಿದ್ದ. ಬಸ್ಸಣ್ಣ ಮನೆಗೆ ಬಂದಾಗ ಹೆಂಡತಿಯ ಮುಖ ಬಹಳ ದಿನದ ಮೇಲೆ ಅರಳಿತ್ತು.

ಗುರುವಾರ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಅಂಗಿ ತಂದು ಕೊಟ್ಟಳು. ಅವನು ಅದರ ಮಡಿಕೆಯನ್ನೇ ನೋಡುತ್ತಾ ಕೂತ.

“ಹಾಕಿಕೊಳ್ಳಿ, ಹೊತ್ತಾಯ್ತು.”

“ಬಸ್ಸು ಎಳೀಲಿಲ್ಲ ಕಣೇ. ನಾಯಿ ಅಡ್ಡ ಬಂತು. ನಾನು ತಿರುಗಿಸಿದೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೋಡೆಗೆ ಕೈ ಕೊಟ್ಟು ನಿಂತಳು. ಬೀದಿಯಲ್ಲಿ ಯಾರೋ ತಳ್ಳುಗಾಡಿ ದೂಡಿಕೊಂಡು ಹೋದರು. ಅದರ ಚಕ್ರದ ಕಿರುಗುಟ್ಟು ತಿರುವಿನಲ್ಲಿ ಅಡಗಿತು.

“ಆ ಮೆಕ್ಯಾನಿಕ್‌ನ ಹೆಂಡತಿ ಒಂದು ಸಲ ನಲ್ಲಿಯ ಹತ್ತಿರ ಸಿಕ್ಕಿದ್ದಳು,” ಎಂದಳು ಕೊನೆಗೆ. “ಅವಳ ಕೊಡ ತುಂಬ್ತಾ ಇತ್ತು. ನಾನು ಅದನ್ನ ಪಕ್ಕಕ್ಕೆ ದೂಡಿ ನನ್ನದು ಇಟ್ಟೆ. ಅವಳು ಏನೂ ಅನ್ನಲಿಲ್ಲ.” ಅವನ ಕೈಯ ಅಂಗಿಯನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, “ಇದನ್ನ ನನಗೆ ಅವತ್ತೇ ಹೇಳಿದ್ದರೆ ಆ ಪಾಪವಾದರೂ ತಪ್ಪುತ್ತಿತ್ತು,” ಎಂದಳು.

“ಏನು ಮಾಡ್ಲಿ ಹೇಳು.”

“ನನ್ನನ್ನ ಕೇಳಬೇಡಿ. ಒಂಬತ್ತು ತಿಂಗಳು ಕೇಳಲಿಲ್ಲ, ಈಗಲೂ ಕೇಳಬೇಡಿ.” ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಂಗಿ ಕುರ್ಚಿಯ ಮೇಲಿತ್ತು. ಬಸ್ಸಣ್ಣ ಅದನ್ನು ಹಾಕಿಕೊಂಡು ಹೊರಟ.

ಅದೇ ಡಿಪೋ, ಅದೇ ಕೋಣೆ. ಅಧಿಕಾರಿಗಳಲ್ಲಿ ಇಬ್ಬರು ಹೊಸಬರು, ಕನ್ನಡಕದವನು ಹಳಬ. ನಟ್ಟಪ್ಪ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೈ ಕಟ್ಟಿ ಕೂತಿದ್ದ. ಎಷ್ಟು ಉಜ್ಜಿದ್ದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಕನ್ನಡಕದವನು ಹಳೆಯ ಹೇಳಿಕೆಯನ್ನು ಓದಿ ಹೇಳಿ, “ಇದರಲ್ಲಿ ಬದಲಾವಣೆ ಏನೂ ಇಲ್ಲ ತಾನೇ? ಒಂದು ಸಹಿ ಹಾಕಿಬಿಡಿ,” ಎಂದು ಪೆನ್ನು ಚಾಚಿದ.

ಪೆನ್ನು ತೆಗೆದುಕೊಳ್ಳದೆ ಬಸ್ಸಣ್ಣ ಎರಡು ಕೈಯನ್ನೂ ಮೇಜಿನ ಅಂಚಿಗೆ ಒತ್ತಿ ಹಿಡಿದ.

“ಎಡಕ್ಕೆ ಎಳೆಯುತ್ತಿರಲಿಲ್ಲ ಸಾರ್. ಬಸ್ಸು ಸರಿಯಾಗಿತ್ತು. ನಾಯಿ ಬಂತು, ನಾನು ತಿರುಗಿಸಿದೆ. ಆಮೇಲೆ ಸುಳ್ಳು ಹೇಳಿದೆ.”

“ಯೋಚನೆ ಮಾಡಿ ಮಾತಾಡಿ. ಇದು ಇಲ್ಲಿಗೇ ನಿಲ್ಲೋ ಮಾತಲ್ಲ. ಪೊಲೀಸರಿಗೆ ಬರೀಬೇಕಾಗುತ್ತೆ.”

“ಬರೀರಿ ಸಾರ್.”

ಇನ್ನೊಮ್ಮೆ ಹೇಳಿಸಿದರು, ಬರೆದುಕೊಂಡರು. ಅವನಿಂದ ಸಹಿ ಹಾಕಿಸಿದರು. ಮೆಕ್ಯಾನಿಕ್‌ನ ವಿಷಯ ಏನಾಯಿತು ಎಂದು ಕೇಳಿದ್ದಕ್ಕೆ, “ಅದನ್ನ ಮೇಲಿನವರು ನೋಡ್ತಾರೆ, ಹೊತ್ತು ಹಿಡಿಯುತ್ತೆ,” ಎಂದರು. ಹೊರಗೆ ಪಡಸಾಲೆಯಲ್ಲಿ ನಟ್ಟಪ್ಪ ಅವನನ್ನು ದಾಟಿ ಮುಂದೆ ನಡೆದ. ತಿರುಗಿ ನೋಡಲಿಲ್ಲ. ಮೆಟ್ಟಿಲ ಬಳಿ ಒಂದು ಕ್ಷಣ ನಿಂತು, ಜೇಬಿನಲ್ಲಿ ಕೈ ಹಾಕಿ ಏನನ್ನೋ ತಡಕಿದ. ಅಲ್ಲಿ ಈಗ ನಟ್ಟುಗಳಿರಲಿಲ್ಲವೆಂದು ಕಾಣುತ್ತದೆ. ಬರಿಗೈ ಹೊರತೆಗೆದು ಇಳಿದುಹೋದ.

ಶುಕ್ರವಾರ ಬೆಳಿಗ್ಗೆ ಭಾವಮೈದುನ ಕಾರ್ಖಾನೆಯ ಬಾಗಿಲಲ್ಲೇ ಅಡ್ಡ ನಿಂತಿದ್ದ. ಸುದ್ದಿ ಬಸ್ಸಣ್ಣನಿಗಿಂತ ಮೊದಲೇ ಬಂದು ತಲುಪಿತ್ತು.

“ಇಲ್ಲಿಗೆ ಯಾಕೆ ಬಂದ್ರಿ ಭಾವ? ಆಸ್ಪತ್ರೆಯವರು ಬರೋ ಹೊತ್ತು. ನಿಮ್ಮನ್ನ ಹುಡುಕಿಕೊಂಡು ಪೊಲೀಸರೂ ಬಂದ್ರೆ ನನ್ನ ಮುಖ ಎಲ್ಲಿಡಲಿ? ಎಲ್ಲರ ಹತ್ತಿರವೂ ನಮ್ಮ ಭಾವನದೇನೂ ತಪ್ಪಿಲ್ಲ ಅಂತ ಹೇಳಿಕೊಂಡು ಬಂದೆನಲ್ಲ ನಾನು.”

“ಹನ್ನೆರಡನೇ ಕಪಾಟು ಉಳಿದಿದೆಯಲ್ಲಪ್ಪ.”

“ಬೇರೆಯವರು ಮಾಡ್ತಾರೆ.”

“ಮಧ್ಯಾಹ್ನದೊಳಗೆ ಯಾರು ಮಾಡ್ತಾರೆ?” ಎಂದ ಒಳಗಿನಿಂದ ತಾತ. ಅವನು ಆಗಲೇ ಹಲಗೆ ಮಲಗಿಸಿ, ಎಡಗಡೆಗೆ ಪಟ್ಟಿ ಬಿಗಿದಿದ್ದ. “ಎರಡೇ ಹಲಗೆ ಇರೋದು. ಅವನು ಮುಗಿಸಿ ಹೋಗ್ಲಿ. ಆಮೇಲೆ ನಿನ್ನ ಮುಖ ಎಲ್ಲಿ ಬೇಕಾದರೂ ಇಟ್ಕೋ.”

ಭಾವಮೈದುನ ದಾರಿ ಬಿಟ್ಟ. ಬಸ್ಸಣ್ಣ ಒಳಗೆ ಬಂದು ಯಂತ್ರ ಕೈಗೆತ್ತಿಕೊಂಡ. ಕೆಂಪು ಚುಕ್ಕೆ ಉಜ್ಜಿ ಉಜ್ಜಿ ಅರ್ಧ ಮಾಸಿತ್ತು. ಅವನಿಗೆ ಅಷ್ಟು ಸಾಕಾಗಿತ್ತು.

ಹನ್ನೊಂದು ಜಾಡು ಮುಗಿದು, ಕೊನೆಯದಕ್ಕೆ ಅಲಗು ಇಳಿಸಿದ್ದ. ಮೂರು ಸಲದಲ್ಲಿ ಎರಡು ಸಲ ಆಗಿತ್ತು. ಮೂರನೆಯದರ ಅರ್ಧದಲ್ಲಿದ್ದಾಗ ಬಾಗಿಲ ಬೆಳಕು ಕತ್ತಲಾಯಿತು. ಇಬ್ಬರು ಪೊಲೀಸರು ಬಂದು ನಿಂತಿದ್ದರು. ಯಂತ್ರದ ಕಿರುಚಾಟದಲ್ಲಿ ಅವರೇನೋ ಕೇಳಿದರು, ಭಾವಮೈದುನ ಬೆರಳು ಮಾಡಿ ತೋರಿಸಿದ. ಬಸ್ಸಣ್ಣನ ಕಣ್ಣಂಚಿಗೆ ಅದೆಲ್ಲ ಬಿತ್ತು. ಒಬ್ಬ ಪೊಲೀಸು ಮೇಜಿನ ಕಡೆ ಹೆಜ್ಜೆ ಇಟ್ಟ. ತಾತ ನಾಲ್ಕು ಬೆರಳಿನ ಕೈಯನ್ನು ಅವನ ಎದೆಯ ಮುಂದೆ ಅಡ್ಡ ಹಿಡಿದ. ಪೊಲೀಸು ಆ ಕೈಯನ್ನು ನೋಡಿದ, ತಿರುಗುವ ಅಲಗನ್ನು ನೋಡಿದ, ಅಲ್ಲೇ ನಿಂತ.

ಚುಕ್ಕೆ ಪಟ್ಟಿಗೆ ತಾಗಿಯೇ ಇತ್ತು. ಯಂತ್ರ ತುದಿಯ ಹಳೆಯ ತುಂಡಿನೊಳಕ್ಕೆ ಹೋಗಿ ಮುಟ್ಟಿತು. ಬಸ್ಸಣ್ಣ ಗುಂಡಿ ಆರಿಸಿದ. ಕಿರುಚಾಟ ನರಳಾಟವಾಗಿ, ಉಸಿರಾಗಿ ಇಳಿಯತೊಡಗಿತು. ಅವನು ಎರಡು ಹಿಡಿಗಳನ್ನೂ ಒತ್ತಿ ಹಿಡಿದು ತಲೆ ಬಗ್ಗಿಸಿಕೊಂಡು ನಿಂತಿದ್ದ.

“ಬರಬಹುದಾ?” ಎಂದ ಪೊಲೀಸು.

“ಅಲಗು ನಿಲ್ಲಲಿ,” ಎಂದ ತಾತ.